ಗಾಜಿನ ತಟ್ಟೆಯಲ್ಲಿ ಗೆದ್ದ ಗಿಡ

ಕ್ಯಾನ್ಸರ್ ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ನಿಮ್ಮ ಪೋಸ್ಟರನ್ನು ನಂಬಿ ನನ್ನ ಅತ್ತೆ ಒಂದು ಗಿಡವನ್ನು ತಿಂದರು. ಆ ಗಿಡವನ್ನು ತಿಂದರು ಎಂಬ ಕಾರಣಕ್ಕೇ, ಅದೇ ಗಿಡದ ಮೇಲೆ ನೀವು ನಡೆಸುತ್ತಿರುವ ಪ್ರಯೋಗದಿಂದ ಅವರನ್ನು ಹೊರಗಿಟ್ಟಿರಿ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ವಿವರ. ಆದರೆ ವಿವರಗಳನ್ನು ಬಿಟ್ಟದ್ದರಿಂದಲೇ ಇಷ್ಟೆಲ್ಲ ಆಗಿರುವಾಗ ನಾನೂ ಅವನ್ನು ಬಿಡುವುದು ಸರಿಯಲ್ಲ.

ನನಗೆ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಗಂಡನ ಹೆಸರು ಫೋನಿನಲ್ಲಿ ಮೂಡಿದರೆ ಈಗಲೂ ಒಬ್ಬಳೇ ನಗುತ್ತೇನೆ. 'ಇವಳಿಗೆ ಇನ್ನೂ ಅಮಲು ಇಳಿದಿಲ್ಲ' ಎಂದು ಗೆಳತಿಯರು ಆಡಿಕೊಳ್ಳುತ್ತಾರೆ. ಸಿಟ್ಟಿನ ಪತ್ರ ಬರೆದು ನನಗೆ ಅಭ್ಯಾಸವಿಲ್ಲ, ಶಾಲೆಯಲ್ಲಿ ಓದಿದ್ದೆಲ್ಲ ಇಂಗ್ಲಿಷಿನಲ್ಲಿ ಬೇರೆ. ಎಲ್ಲಾದರೂ ಅತಿಯಾಗಿ ಹೊಗಳಿದರೆ, ಅತಿಯಾಗಿ ಅತ್ತರೆ ಸಹಿಸಿಕೊಳ್ಳಿ. ನನ್ನ ಅತ್ತೆಯ ವಿಷಯ ಹೇಳುವಾಗ ಹಿಡಿತದಲ್ಲಿರಲು ನನ್ನಿಂದ ಆಗುವುದಿಲ್ಲ.

ನನ್ನ ಅತ್ತೆ ಬೇಕರಿ ನಡೆಸುವವರು. ಮಾವ ತೀರಿಕೊಂಡ ಮೇಲೆ ಒಬ್ಬರೇ ಒಲೆಯ ಮುಂದೆ ನಿಂತು ಮಗನನ್ನು ಬೆಳೆಸಿದರು. ನನ್ನನ್ನು ನೋಡಲು ಬಂದ ದಿನ ನನ್ನ ಓದು, ಸಂಬಳ ಏನನ್ನೂ ಕೇಳಲಿಲ್ಲ. ಅವರು ತಂದಿದ್ದ ಕೇಕನ್ನು ನಾನು ಎರಡನೇ ಸಲ ಕೇಳಿ ತಿಂದೆ. "ಇವಳು ಸಾಕು, ನಾಚಿಕೆ ಇಲ್ಲ" ಎಂದುಬಿಟ್ಟರು! ಮನೆ ಬೇಕರಿಯ ಮಹಡಿಯ ಮೇಲಿದೆ. ಬೆಳಗಾದರೆ ಬೆಣ್ಣೆಯ ವಾಸನೆಗೇ ಎಚ್ಚರವಾಗುತ್ತಿತ್ತು. ಇಷ್ಟು ಸುಖ ಯಾರಿಗಾದರೂ ಇರುತ್ತದೆಯೇ ಎಂದು ಹಾಸಿಗೆಯಲ್ಲೇ ಮಲಗಿ ಯೋಚಿಸುತ್ತಿದ್ದೆ. ಕಣ್ಣು ತಾಗಿತೇನೋ.

ಮದುವೆಯ ಬೆನ್ನಿಗೇ ಅತ್ತೆಗೆ ಬೆನ್ನುನೋವು ಶುರುವಾಯಿತು. ಹಿಟ್ಟಿನ ಮೂಟೆ ಎತ್ತಿದ್ದಕ್ಕೆ ಎಂದುಕೊಂಡೆವು. ಅದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆಯ ಹಂತ ದಾಟಿತ್ತು. ಮೊದಲ ಕೀಮೋಗೆ ಗಡ್ಡೆ ಸ್ವಲ್ಪ ಕುಗ್ಗಿತು, ನಾವು ಕುಣಿದೆವು. ಆಮೇಲೆ ಮತ್ತೆ ಬೆಳೆಯತೊಡಗಿತು. ಈ ಗಡ್ಡೆ ತನ್ನ ಸುತ್ತ ದಪ್ಪ ಗೋಡೆ ಕಟ್ಟಿಕೊಳ್ಳುತ್ತದೆ, ಮದ್ದು ಒಳಗೆ ನುಗ್ಗುವುದೇ ಕಷ್ಟ, ನುಗ್ಗಿದ ಮದ್ದನ್ನೂ ಅದರ ಜೀವಕೋಶಗಳು ಹೊರಗೆ ತಳ್ಳುವುದನ್ನು ಕಲಿತುಬಿಡುತ್ತವೆ ಎಂದು ನಮ್ಮ ಡಾಕ್ಟರು ಸಮಾಧಾನದಿಂದ ವಿವರಿಸಿದರು.

"ಅಂದ್ರೆ ಬಾಡಿಗೆನೂ ಕೊಡದೆ, ಬಾಗಿಲೂ ತೆಗೀದೆ ಕೂತಿದೆ ಅನ್ನಿ" ಎಂದರು ಅತ್ತೆ.

ಡಾಕ್ಟರಿಗೆ ನಗು ಬಂತು. ಎರಡನೇ ಬಗೆಯ ಕೀಮೋ ಶುರು ಮಾಡಿದರು.

ನಿಮ್ಮ ಪೋಸ್ಟರ್ ಆಗಲೇ ಬಂದದ್ದು. ನಿಮ್ಮ ಕೇಂದ್ರದ ಆಸ್ಪತ್ರೆಯ ಲಿಫ್ಟಿನ ಪಕ್ಕದಲ್ಲಿ, ಆಳೆತ್ತರಕ್ಕೆ. ನಡುವೆ ಒಂದು ಗಿಡದ ಬಣ್ಣದ ಚಿತ್ರ, ಎಲೆಯ ನರ ನರವೂ ಕಾಣುವಂತೆ. ಬದಿಯಲ್ಲಿ ಬಿಳಿ ಕೋಟು ತೊಟ್ಟ ನೀವು, ನಿಮ್ಮ ನಗು. ಮೇಲೆ ದೊಡ್ಡಕ್ಷರಗಳಲ್ಲಿ, ನಮ್ಮದೇ ಭಾಷೆಯಲ್ಲಿ: 'ಮದ್ದಿಗೆ ಬಗ್ಗದ ಕ್ಯಾನ್ಸರನ್ನು ಬಗ್ಗಿಸಿದ ಗಿಡ.' ಕೀಮೋ ಕೋಣೆಗೆ ಹೋಗುವ ಪ್ರತಿಯೊಬ್ಬರೂ ಲಿಫ್ಟಿಗೆ ಕಾಯುತ್ತಾ ಅದರ ಮುಂದೆ ನಿಲ್ಲಲೇಬೇಕು. ಜಾಗ ಆರಿಸಿದವರು ಜಾಣರು.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಅಯ್ಯೋ, ಇದು ನಮ್ಮ ಬೇಕರಿ ಹಿಂದೆ ನಲ್ಲಿ ನೀರು ಹರಿಯೋ ಕಡೆ ಬೆಳೆಯುತ್ತಲ್ಲೇ! ಕಳೆ ಅಂತ ಕಿತ್ತು ಕಿತ್ತು ಎಸೀತಿದ್ನಲ್ಲೇ ಹುಡುಗಿ!" ಎಂದರು. 'ಹಿತ್ತಲ ಗಿಡ ಮದ್ದಲ್ಲ' ಎಂದು ಗಾದೆ ಮಾಡಿದವನಿಗೆ ನಾಲ್ಕು ಬೈದರು. ನಾನು ನಕ್ಕೆ. ಲಿಫ್ಟ್ ಬಂತು.

ಗಿಡದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಇನ್ನೊಬ್ಬರು ಕೀಳಲು ಹೊರಡುತ್ತಾರೆ.

ಅತ್ತೆ ನನಗೂ ಮಗನಿಗೂ ಹೇಳದೆ ಮಾಡಿದ್ದು ಇದು. ನಾವಿನ್ನೂ ಮಲಗಿರುವಾಗ ಕೆಳಗಿಳಿದು, ಸಕ್ಕರೆ ಪಾಕ ಕಾಯಿಸುವ ದಪ್ಪತಳದ ಪಾತ್ರೆಯಲ್ಲಿ ಆ ಗಿಡವನ್ನು ಬೇರುಸಹಿತ ಕುದಿಸಿದರು. ಬೇಕರಿಯವರಿಗೆ ಒಂದು ಸತ್ಯ ಗೊತ್ತು: ರಸವನ್ನು ಕಾಯಿಸಿದಷ್ಟೂ ಸತ್ವ ಹೆಚ್ಚು. ಕಿತ್ತಳೆ ರಸವಾಗಲಿ, ಕಾಫಿಯಾಗಲಿ, ಪಾತ್ರೆಯಷ್ಟಿದ್ದದ್ದು ಬಟ್ಟಲಷ್ಟಾದರೆ ಒಂದು ಚಮಚ ಸಾಕು, ಇಡೀ ಕೇಕು ಘಮ್ಮೆನ್ನುತ್ತದೆ. ಕ್ಯಾನ್ಸರಿಗೂ ಅದೇ ಲೆಕ್ಕ ಹಾಕಿದರು. ಅಂಟಂಟಾಗುವವರೆಗೆ ಬತ್ತಿಸಿ, ಕಹಿ ಗೊತ್ತಾಗದಿರಲೆಂದು ಹಿಟ್ಟಿಗೆ ಕಲಸಿ ಬಿಸ್ಕತ್ತು ಮಾಡಿದರು. ಡಬ್ಬಿಗೆ ಕೈಹಾಕಲು ಹೋದ ನನ್ನ ಕೈಗೆ ಒಂದು ಏಟು ಬಿತ್ತು. "ಮುಟ್ಟಬೇಡ. ಸಕ್ಕರೆ ಹಾಕಿಲ್ಲ, ನಿನ್ನ ಗಂಡನ ಮುಖದ ಥರ ಇದೆ."

ಈಗ ಇದನ್ನು ಗಮನವಿಟ್ಟು ಓದಿ, ಮಾನ್ಯರೇ. ಆ ಬಿಸ್ಕತ್ತುಗಳನ್ನು ಅವರು ಎಲ್ಲಿ ತಿಂದರು ಗೊತ್ತೇ? ನಿಮ್ಮ ಆಸ್ಪತ್ರೆಯಲ್ಲಿ. ಕೀಮೋ ಕುರ್ಚಿಯಲ್ಲಿ. ಒಂದು ಕೈಯ ನರಕ್ಕೆ ಮದ್ದು ಇಳಿಯುತ್ತಿದ್ದಾಗ ಇನ್ನೊಂದು ಕೈಯಲ್ಲಿ ಬಿಸ್ಕತ್ತು. ನರ್ಸಮ್ಮ ತೂಕ ನೋಡಿದರು, ರಕ್ತದೊತ್ತಡ ನೋಡಿದರು. ಚಿಕ್ಕ ಡಾಕ್ಟರು ಬಂದು ನಾಲಿಗೆ ನೋಡಿದರು, ಅದರ ಮೇಲೆ ಬಿಸ್ಕತ್ತಿನ ಪುಡಿಯೇ ಇತ್ತು. "ತಿಂಡಿ ಸೇರ್ತಿದೆಯಲ್ಲ, ಒಳ್ಳೇದು" ಎಂದು ಬೆನ್ನು ತಟ್ಟಿ ಹೋದರು. ಏನು ತಿನ್ನುತ್ತಿದ್ದೀರಿ ಎಂದು ಯಾರೂ ಕೇಳಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಸಾಲು ಬಾಗಿಲಾಚೆಗೂ ಇತ್ತು, ಅವರಿಗೆ ನೀರು ಕುಡಿಯಲೂ ಬಿಡುವಿರಲಿಲ್ಲ. ಆದರೆ ಆಳೆತ್ತರದ ಪೋಸ್ಟರ್ ಮಾಡಿಸಲು ಬಿಡುವು ಸಿಕ್ಕ ಸಂಸ್ಥೆಗೆ, ಅದನ್ನು ಓದಿದವರು ಮನೆಗೆ ಹೋಗಿ ಏನು ಮಾಡಿಯಾರು ಎಂದು ಯೋಚಿಸಲು ಬಿಡುವು ಸಿಗಲಿಲ್ಲವೇ?

ಕೆಲವು ವಾರಗಳಲ್ಲಿ ಅತ್ತೆಯ ಕಣ್ಣು ಹಳದಿಯಾಯಿತು. ಲಿವರ್ ಕೆಟ್ಟಿತ್ತು. ಗಡ್ಡೆ ಪಿತ್ತನಾಳವನ್ನು ಮುಚ್ಚಿ ಹಳದಿಯಾದದ್ದಲ್ಲ ಎಂದು ಸ್ಕ್ಯಾನ್ ಹೇಳಿತು. ಆಗ, ಮೊಟ್ಟಮೊದಲ ಸಲ, ಡಾಕ್ಟರು ಕೇಳಿದರು: "ಅಮ್ಮಾ, ಮನೇಲಿ ಬೇರೆ ಏನಾದರೂ ತಗೊಳ್ತಿದ್ದೀರಾ?"

ಅತ್ತೆ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮದೇ ಗಿಡ ಡಾಕ್ಟ್ರೇ" ಎಂದರು, ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗಿಯ ಹಾಗೆ.

ನನ್ನ ಗಂಡ ಗೋಡೆಯ ಕಡೆ ತಿರುಗಿ ನಿಂತರು.

ಗಿಡದಿಂದಲೇ ಹೀಗಾಯಿತು ಎಂದು ಖಚಿತವಾಗಿ ಹೇಳಲಾಗದು, ಕಾಯಿಲೆಯಿಂದಲೂ ಇರಬಹುದು ಎಂದರು ಡಾಕ್ಟರು. ಅವರ ಪ್ರಾಮಾಣಿಕತೆಗೆ ನಮಸ್ಕಾರ. ಹಾಗಾಗಿ ನಿಮ್ಮ ಪೋಸ್ಟರ್ ನನ್ನ ಅತ್ತೆಯನ್ನು ಕೊಲ್ಲುತ್ತಿದೆ ಎಂದು ನಾನು ಬರೆಯುವುದಿಲ್ಲ. ಕೀಮೋ ನಿಂತಿತು ಎಂದಷ್ಟೇ ಬರೆಯುತ್ತೇನೆ.

ಅದೇ ತಿಂಗಳು ಗಿಡದ ಸಾರವನ್ನು ಶುದ್ಧ ಮಾಡಿ ಕೀಮೋ ಜೊತೆ ಮನುಷ್ಯರಿಗೆ ಕೊಟ್ಟು ನೋಡುವ ನಿಮ್ಮ ಮೊದಲ ಪ್ರಯೋಗ ಆರಂಭವಾಯಿತು. ಮೊದಲ ಮದ್ದಿಗೆ ಬಗ್ಗದ ಗಡ್ಡೆಯವರು ಬೇಕು ಎಂದಿರಿ. ಹೇಳಿ ಮಾಡಿಸಿದಂತೆ ನನ್ನ ಅತ್ತೆ! ಓಡಿ ಬಂದೆವು. ನಿಮ್ಮ ಪ್ರಯೋಗದ ಅಧಿಕಾರಿ ಮೃದು ಮಾತಿನವರು. ಲಿವರ್ ಸರಿಯಿಲ್ಲ ಎಂದರು. ಅದು ಸರಿಹೋದರೂ ಕಷ್ಟ ಎಂದರು. "ಆ ಗಿಡಾನ ಯಾವ ರೂಪದಲ್ಲಿ ತಿಂದಿದ್ರೂ ಸೇರಿಸೋ ಹಾಗಿಲ್ಲಮ್ಮ. ಫಲಿತಾಂಶ ಕಲಬೆರಕೆ ಆಗುತ್ತೆ."

ಅತ್ತೆ ಕೇಳಿದರು: "ಅಂದ್ರೆ, ನೀವು ಹೇಳಿದ್ದನ್ನ ನಂಬದೇ ಇದ್ದೋರಿಗೆ ಮಾತ್ರ ಮದ್ದು ಕೊಡ್ತೀರಾ?"

ಇದಕ್ಕೆ ನೀವೇನು ಹೇಳುತ್ತೀರಿ?

ಆ ನಿಯಮ ತಪ್ಪು ಎಂದು ನಾನು ಹೇಳುತ್ತಿಲ್ಲ. ನಿಮ್ಮ ಸಂಶೋಧನಾ ಪ್ರಬಂಧವನ್ನು ಹುಡುಕಿ ತೆಗೆದು, ಅರ್ಥವಾಗದ್ದನ್ನು ಮತ್ತೆ ಮತ್ತೆ ಓದಿದ್ದೇನೆ. ಒಳ್ಳೆಯ ಪ್ರಬಂಧ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳು ಆ ಸಾರ ಸೋಕಿದಾಗ ಮತ್ತೆ ಕೀಮೋಗೆ ಮಣಿದವು. ಕೆಲವು ಇಲಿಗಳಲ್ಲಿ ಗಡ್ಡೆ ನಿಧಾನವಾಯಿತು. ಬಾಯಿಂದ ತಿಂದರೆ ಅದು ರಕ್ತಕ್ಕೆ ಸೇರುವುದೇ ಅಲ್ಪ, ಪ್ರಮಾಣ ಹೆಚ್ಚಾದರೆ ಲಿವರಿಗೆ ಅಪಾಯವಿರಬಹುದು, ಮನುಷ್ಯರ ವಿಷಯ ಏನೂ ತಿಳಿದಿಲ್ಲ. ಎಲ್ಲವೂ ಅಲ್ಲಿದೆ. ಎಷ್ಟು ಎಚ್ಚರಿಕೆ, ಎಷ್ಟು ವಿನಯ! ಗೆಲುವನ್ನು ನಮ್ಮ ಭಾಷೆಯಲ್ಲಿ ಗೋಡೆಗೆ ಅಂಟಿಸಿದಿರಿ. ಅನುಮಾನಗಳನ್ನು ಇಂಗ್ಲಿಷಿನಲ್ಲಿ ಬರೆದು ನೀವು ನೀವೇ ಓದಿಕೊಂಡಿರಿ. ಅನುಮಾನಪಡುವ ಯೋಗ್ಯತೆ ನಮಗಿಲ್ಲವೇ? ಒಲೆಯ ಬಿಸಿಯನ್ನು ಅಂಗೈಯಲ್ಲಿ ಅಳೆಯುವ ಹೆಂಗಸಿಗೆ 'ಇದು ಇನ್ನೂ ಬೆಂದಿಲ್ಲ' ಎಂದು ಒಂದು ಮಾತು ಹೇಳಿದ್ದರೆ ಅರ್ಥವಾಗುತ್ತಿರಲಿಲ್ಲವೇ?

ಈಗ ಅತ್ತೆಗೆ ನೋವಿಗೆ ಮಾತ್ರ ಮದ್ದು. ಕೀಮೋ ಇನ್ನು ಸಾಧ್ಯವಿಲ್ಲ ಎಂದಿದ್ದಾರೆ. ಮಹಡಿಯ ಕೋಣೆಯಲ್ಲಿ ಮಲಗಿರುತ್ತಾರೆ. ಕೆಳಗೆ ಮಗ ಬ್ರೆಡ್ಡು ತೆಗೆದರೆ ವಾಸನೆಯಿಂದಲೇ "ಸೀದು ಹೋಯ್ತು ಕಣೋ" ಎಂದು ಗೊಣಗುತ್ತಾರೆ, ಆ ಗೊಣಗು ಕೆಳಗೆ ಕೇಳಿಸುವುದಿಲ್ಲ. ನಾನು ಓಡಿಹೋಗಿ ಅವರ ಪರವಾಗಿ ಬೈದು ಬರುತ್ತೇನೆ. ಮೊನ್ನೆ ನನ್ನ ಕೈ ಹಿಡಿದು, "ನಾನೇ ದಡ್ಡಿ, ಅಲ್ವೇನೇ?" ಎಂದರು. ಇಲ್ಲ ಅತ್ತೆ, ಇಲ್ಲ ಅತ್ತೆ ಎಂದೆ. ಅವರು ನಂಬಲಿಲ್ಲ. ನನಗೆ ತಡೆಯಲಾಗದ್ದು ಅದೊಂದೇ, ಮಾನ್ಯರೇ. ಸಾವು ಹೇಗೂ ಹತ್ತಿರವಿತ್ತು, ಆ ಪೆಟ್ಟನ್ನು ತಿನ್ನುತ್ತೇವೆ. ಆದರೆ ತಪ್ಪು ತನ್ನದೆಂದುಕೊಂಡು ಅವರು ಯಾಕೆ ಹೋಗಬೇಕು? ತಪ್ಪು ನಿಮ್ಮದು ಎಂದು ನೀವು ಬರೆದು ಕಳಿಸಿದರೆ ನಂಬುತ್ತಾರೆ. ನಿಮ್ಮ ಮಾತನ್ನು ಅವರು ಈಗಲೂ ನಂಬುತ್ತಾರೆ.

ನಿನ್ನೆ ಮಾತ್ರೆ ತರಲು ಬಂದಿದ್ದೆ. ಪೋಸ್ಟರ್ ಅಲ್ಲೇ ಇದೆ. ಒಬ್ಬರು ಫೋನಿನಲ್ಲಿ ಅದರ ಚಿತ್ರ ತೆಗೆದು, ಎಲೆಯನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಿದ್ದರು. "ಅಕ್ಕಾ, ಇದು ಎಲ್ಲಿ ಸಿಗುತ್ತೆ, ಗೊತ್ತಾ? ನಮ್ಮಣ್ಣನಿಗೆ ಬೇಕಿತ್ತು" ಎಂದರು. ಎಲ್ಲವನ್ನೂ ಹೇಳಿದೆ. ಅವರ ಮುಖ ಕಪ್ಪಿಟ್ಟಿತು, ನನ್ನ ಮೇಲೇ ಸಿಟ್ಟು ಬಂದಂತೆ ಹೊರಟುಹೋದರು. ಅವರ ಹಿಂದೆಯೇ ಇನ್ನಿಬ್ಬರು ಬಂದು ನಿಂತರು.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಆ ಪೋಸ್ಟರನ್ನು ತೆಗೆಸಿ. ತೆಗೆಸಲು ಮನಸ್ಸು ಬಾರದಿದ್ದರೆ ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ನಮ್ಮ ಭಾಷೆಯಲ್ಲಿ, ಕೆಳಗೆ ಬರೆಸಿ: 'ಗೆದ್ದದ್ದು ಗಾಜಿನ ತಟ್ಟೆಯಲ್ಲಿ ಮತ್ತು ಇಲಿಗಳಲ್ಲಿ. ಮನುಷ್ಯರಲ್ಲಿ ಇನ್ನೂ ತಿಳಿದಿಲ್ಲ. ತಿನ್ನಬೇಡಿ. ತಿಂದಿದ್ದರೆ ನಮಗೆ ಹೇಳಿ, ನಾವು ಬೈಯುವುದಿಲ್ಲ.' ಕೀಮೋ ಕುರ್ಚಿಯಲ್ಲಿ ಕೂರುವ ಪ್ರತಿಯೊಬ್ಬರನ್ನೂ ಮನೆಯಲ್ಲಿ ಏನು ತಿನ್ನುತ್ತಿದ್ದೀರಿ ಎಂದು ಕೇಳಲು ಒಬ್ಬರನ್ನು ನೇಮಿಸಿ. ಅಲ್ಲಿಯವರೆಗೆ ಆ ಲಿಫ್ಟಿನ ಪಕ್ಕ ನೀವೇ ಬಂದು ನಿಂತು ಜನರಿಗೆ ತಿಳಿಸಿ ಹೇಳಿ. ನಾನೇ ನಿಲ್ಲುತ್ತಿದ್ದೆ. ಆದರೆ ನಮ್ಮ ಮನೆಯಲ್ಲಿ ಈಗ ಒಂದೊಂದು ಗಳಿಗೆಯೂ ಬೇಕು.

ಇಂತಿ,
ಅತ್ತೆಯೊಡನೆ ಇನ್ನೂ ಒಂದು ಜಗಳವನ್ನೂ ಆಡದ ಸೊಸೆ