ಕೊನೆಯ ಪ್ಲಗ್ಗಿಗೆ ಕೈ ಎಟುಕಿತು

ಪ್ರೀತಿಯ ಅಣ್ಣನಿಗೆ,

ಗುಜರಿಯವನನ್ನು ಕಳಿಸಬೇಡ. ಅಪ್ಪನ ವ್ಯಾನ್ ಓಡುತ್ತಿದೆ. ಇವತ್ತು ಬೆಳಿಗ್ಗೆ ಅದರಲ್ಲೇ ಇಸ್ತ್ರಿ ಬಟ್ಟೆಯನ್ನೆಲ್ಲ ಹೋಟೆಲಿಗೆ ತಲುಪಿಸಿ ಬಂದೆ. ಇಂಜಿನ್ನಿನ ಸ್ಪಾರ್ಕ್ ಪ್ಲಗ್ಗು, ಅದರ ವಯರು ಎಲ್ಲ ನಾನೇ ಬದಲಿಸಿದೆ.

ಮೊದಲ ಸಲ ಅತಿ ಬುದ್ಧಿವಂತಿಕೆ ಮಾಡಿ ವಯರುಗಳನ್ನೆಲ್ಲ ಒಟ್ಟಿಗೇ ಕಿತ್ತೆ. ಯಾವುದು ಎಲ್ಲಿಯದೆಂದು ಮರೆತು ಸಿಕ್ಕಿಸಿದ್ದಕ್ಕೆ ಗಾಡಿ ಚಳಿಜ್ವರ ಬಂದ ಹಾಗೆ ನಡುಗಿತು. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರು, "ಇಸ್ತ್ರಿ ಮಾಡೋ ಕೈಗೆ ಇಂಜಿನ್ ಯಾಕೆ ಬೇಕಿತ್ತೇ?" ಅಂದರು.

"ಮೊದಲು ಟಾರ್ಚ್ ಹಿಡೀರಿ, ಬುದ್ಧಿವಾದ ಆಮೇಲೆ," ಅಂದೆ.

ಇಂಜಿನ್ನಿನ ಹಿಂದಿನ ತಗಡಿಗೆ ಒತ್ತಿಕೊಂಡಿರುವ ಕೊನೆಯ ಪ್ಲಗ್ಗು ಕಣ್ಣಿಗೆ ಬೀಳುವುದೇ ಇಲ್ಲ. ಇಂಜಿನ್ನೇ ಇಳಿಸಬೇಕೆಂದು ಮೆಕ್ಯಾನಿಕ್ ಹೆದರಿಸಿದ್ದು ಅದಕ್ಕೇ. ನಾನು ಸ್ಟೀಮ್ ಇಸ್ತ್ರಿಯ ಹಳೆಯ ರಬ್ಬರ್ ಪೈಪಿನ ತುದಿಗೆ ಪ್ಲಗ್ಗನ್ನು ಸಿಕ್ಕಿಸಿ, ಸಂದಿಯಲ್ಲಿ ಇಳಿಸಿ, ಮೆಲ್ಲಗೆ ತಿರುಗಿಸಿದೆ. ಅದು ಕಚ್ಚಿಕೊಂಡದ್ದು ಬೆರಳಿಗೇ ಗೊತ್ತಾಯಿತು. ಸ್ಪ್ಯಾನರಿನಿಂದ ಬಿಗಿದು, ಈ ಸಲ ವಯರುಗಳನ್ನು ಒಂದೊಂದಾಗಿ ಸರಿಯಾದ ಜಾಗಕ್ಕೇ ಸಿಕ್ಕಿಸಿ ಕೀಲಿ ತಿರುಗಿಸಿದರೆ, ಅಪ್ಪ ಗಂಟಲು ಸರಿಮಾಡಿಕೊಂಡ ಹಾಗೆ ಒಂದೇ ಸದ್ದು!

ಈಗ ವಿಷಯಕ್ಕೆ ಬರುತ್ತೇನೆ. ಅಪ್ಪ ತೀರಿಕೊಂಡಾಗ "ಹುಡುಗಿಗೆ ಸ್ಪ್ಯಾನರ್ ಯಾಕೆ" ಎಂದು ಅವರ ಪೆಟ್ಟಿಗೆಯನ್ನು ನೀನು ಒಯ್ದೆ. ಅದರ ಬೀಗವನ್ನು ಇನ್ನೂ ತೆಗೆದಿಲ್ಲವೆಂದು ಅತ್ತಿಗೆ ಹೇಳಿದರು. ನಾನು ಈ ಕೆಲಸವನ್ನು ಪಕ್ಕದ ಮನೆಯವರ ಸ್ಪ್ಯಾನರ್ ಬೇಡಿ ತಂದು ಮಾಡಿದೆ. ನಾಚಿಕೆಯಾದದ್ದು ಅದೊಂದಕ್ಕೇ.

ಭಾನುವಾರ ಬರುವಾಗ ಆ ಪೆಟ್ಟಿಗೆಯನ್ನು ತೆಗೆದುಕೊಂಡು ಬಾ. ಭಾರವೆಂದು ನೆವ ಹೇಳಬೇಡ. ನೀನು ಬಸ್ಸಿಳಿಯುವ ಜಾಗಕ್ಕೆ ನಾನೇ ವ್ಯಾನ್ ತರುತ್ತೇನೆ.

ಇಂತಿ,
ಉಗುರಿನ ಗ್ರೀಸ್ ಇನ್ನೂ ಹೋಗದ
ನಿನ್ನ ತಂಗಿ