ಒಮ್ಮೊರೆ ಮುಗಿಯುವವರೆಗೆ ದ್ವಾರ ತೆರೆಯದು

೨೨೯೧, ಫೆಬ್ರವರಿ ೩೦, ರಾತ್ರಿ. ಅಂಕೋಲೆಯ ಕಡಲಗೋಡೆ, ಉತ್ತರ ದ್ವಾರ. ಬಿರುಗಾಳಿ ನಿಂತಿದೆ. ಒಂದು ದೋಣಿ ಮರಳಿಲ್ಲ.

ಹಿಂದಿನವರೇ, ತಾರೀಖು ತಪ್ಪಲ್ಲ. ನಮ್ಮ ತಿಂಗಳುಗಳಿಗೆಲ್ಲ ಮೂವತ್ತು ದಿನ. ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಅಕ್ಷರ ಓಡುತ್ತಿದೆ, ಬೆಳಗಾಗುವುದರೊಳಗೆ ಬರೆದು ಮುಗಿಸಬೇಕು.

ನಾನು ಇಲ್ಲಿಯ ಮೊರೆಗಾರ್ತಿ, ಪ್ರಾರ್ಥನೆ ಓದಿ ದ್ವಾರ ತೆರೆಯುವವಳು. ಸರ್ಕಾರ ಎಲ್ಲರ ಪರವಾಗಿ ಮಾಡುವ ಪ್ರಾರ್ಥನೆಗೆ ನಾವು ಒಮ್ಮೊರೆ ಎನ್ನುತ್ತೇವೆ. ಯಾವ ದೇವರ ಹೆಸರಿನಲ್ಲಿ ಸಭೆ ಶುರುವಾಗಬೇಕೆಂದು ನಿಮ್ಮ ಕಾಲದಲ್ಲಿ ಜಗಳವಿತ್ತಂತೆ. ಅದನ್ನು ತೀರಿಸಲು ಕೂತ ಸಮಿತಿ, ಒಬ್ಬೊಬ್ಬರೂ ಆಕ್ಷೇಪಿಸಿದ ಪದವನ್ನೆಲ್ಲ ತೆಗೆಯುತ್ತ ಹೋಯಿತು. ಉಳಿದದ್ದು ಇದು: "ಸಂಬಂಧಪಟ್ಟವರು ನಮ್ಮ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕಾಗಿ ಕೋರಿಕೆ." ಇಂಥ ನಲವತ್ತು ವಾಕ್ಯಗಳನ್ನು ಓದಲು ಹನ್ನೊಂದು ನಿಮಿಷ ಬೇಕು. ಬೆಳಿಗ್ಗೆ ಏಳಕ್ಕೆ ಎಲ್ಲರೂ ನಿಂತು ಹಾಜರಿಗೆ ಹೆಬ್ಬೆಟ್ಟು ಒತ್ತಬೇಕು. ಓದು ಮುಗಿದ ಮೇಲೆಯೇ ದೋಣಿಗಳಿಗೆ ದಾರಿ. ಸರ್ಕಾರವೇ ಬೇಡಿಕೊಳ್ಳುವಾಗ ನಮಗೇಕೆ ಎಂದು ಜನ ಮನೆಯಲ್ಲಿ ಬೇಡುವುದನ್ನೇ ಬಿಟ್ಟರು. ನನ್ನ ಅಜ್ಜಿಗೂ ತನ್ನದೊಂದು ಪ್ರಾರ್ಥನೆ ಗೊತ್ತಿರಲಿಲ್ಲ.

ಇಂದು ಬೆಳಿಗ್ಗೆ ಹುಡುಕುವ ದೋಣಿಗಳು ದ್ವಾರದೊಳಗೆ ಕಾಯುತ್ತಿದ್ದವು. ಕಾಣೆಯಾದ ಬೊಮ್ಮಯ್ಯನ ಹೆಂಡತಿ ತುಳಸು ನನ್ನ ಕಟ್ಟೆ ಹತ್ತಿ ಬಂದಳು.

"ಅಕ್ಕಾ, ಅದ್ರಲ್ಲಿ ನಮ್ಮನಿಯವ್ರ ಹೆಸ್ರು ಸೇರ್ಸು."

ಸಮಿತಿ ಒಪ್ಪಬೇಕು, ಆರು ತಿಂಗಳಾಗುತ್ತದೆ ಎಂದೆ.

"ಅಷ್ಟ್ರೊಳಗೆ ಅಂವ ಈಜ್ಕಂಡೇ ಬತ್ತ ಬಿಡು," ಎಂದು ಹಿಂದಿನಿಂದ ಯಾರೋ ಕುಟುಕಿದರು.

ತುಳಸು ಕಡಲಿಗೆ ಮುಖ ಮಾಡಿ ಕೂಗಿದಳು: "ಏ ಸಮುದ್ರರಾಯಾ! ಅಂವ ನಿಂಗೆ ಏನ್ ಮಾಡ್ಯ? ನೆಟ್ಟಗೆ ಮೀನು ಹಿಡೂಕೂ ಬರೂದಿಲ್ಲ ಅವಂಗೆ. ವಾಪಸ್ ಕೊಡು!"

ಜನ ನಕ್ಕರು, ನಗುತ್ತಲೇ ಅತ್ತರು. ಮುದುಕ ಹಂಜಾ ಸಾಹೇಬರು ಅಂಗೈ ಬಿಚ್ಚಿ ತಮ್ಮ ಮಾತಿನಲ್ಲಿ ಏನೋ ಕೇಳಿಕೊಂಡರು. ಏನನ್ನೂ ನಂಬದ, ಕ್ರೇನು ನಡೆಸುವ ಲಿಯಾಂಡ್ರ ಟೋಪಿ ತೆಗೆದು ಎದೆಗೆ ಹಿಡಿದ. ಯಾರೂ ಯಾರಿಗೂ ಅಡ್ಡ ಬರಲಿಲ್ಲ! ನನ್ನ ಬಾಯಲ್ಲೂ ಒಂದು ಮಾತು ಎದ್ದಿತು, ಯಾವ ಸಮಿತಿಯೂ ತಿದ್ದದ ಮಾತು. ಆದರೆ ನಿಯಮ ನಿಯಮವೇ ಎಂದು ಹನ್ನೊಂದು ನಿಮಿಷ ಓದಿದೆ. ದೋಣಿಗಳು ನಿಂತೇ ಇದ್ದವು.

ಕತ್ತಲಾದ ಮೇಲೆ ಅವು ಮರಳಿದವು. ದೂರದ ಬಂಡೆಯ ಮೇಲೆ ಯಾರೋ ಬಟ್ಟೆ ಬೀಸುವುದು ಕಂಡಿತಂತೆ! ಹತ್ತಿರ ಹೋಗುವಷ್ಟರಲ್ಲಿ ಬೆಳಕು ಹೋಯಿತು, ಅಲೆಗಳಲ್ಲಿ ಬಂಡೆ ಕಾಣದಾಯಿತು. ಇನ್ನು ಹತ್ತು ನಿಮಿಷ ಬೆಳಕಿದ್ದರೆ ಸಾಕಿತ್ತು ಎಂದರು.

ನಿಮ್ಮಲ್ಲೊಂದು ಕೋರಿಕೆ: ಬೇಡಿಕೊಳ್ಳುವ ಕೆಲಸವನ್ನು ಸರ್ಕಾರಕ್ಕೆ ವಹಿಸಬೇಡಿ.

ನಾಳೆ ಬೆಳಕು ಹರಿಯುತ್ತಲೇ, ಏಳಕ್ಕೆ ಕಾಯದೆ, ಒಂದು ವಾಕ್ಯವನ್ನೂ ಓದದೆ ದ್ವಾರ ತೆರೆಯುತ್ತೇನೆ. ಕೆಲಸ ಹೋಗುತ್ತದೆ, ಗೊತ್ತು. ದ್ವಾರ ತೆರೆಯುವುದನ್ನು ತುಳಸುವಿಗೆ ಇನ್ನೂ ಹೇಳಿಲ್ಲ.