ಹೊಟ್ಟೆ ಉಬ್ಬಿದ ಲ್ಯಾಪ್‌ಟಾಪ್

ನವೆಂಬರ್ 4, ಮಂಗಳವಾರ. ಬೆಳಿಗ್ಗೆ

ಮುಚ್ಚು ಪುಸ್ತಕ. ನಿನಗೇ ಹೇಳುತ್ತಿದ್ದೇನೆ. ಜೋಳದ ಚೀಲದ ಹಿಂದೆ ಕೈ ಹಾಕಿ ಮುದುಕಿ ಬರೆದದ್ದನ್ನು ಓದುತ್ತೀಯಲ್ಲ, ಮನೆಯಲ್ಲಿ ಬೇರೆ ಕೆಲಸವಿಲ್ಲವೆ? ಹೋದ ವಾರದ ಪುಟದ ಮೇಲೆ ಎಣ್ಣೆಯ ಬೆರಳು ಮೂಡಿದೆ. ನನ್ನ ಮಗ ಮಾಳು ಅಲ್ಲ, ಅವನಿಗೆ ಬಸ್ಸಿನ ಬೋರ್ಡು ಓದುವುದಕ್ಕೇ ಬೇಸರ. ಸೊಸೆ ತಾರವ್ವ ಅಥಣಿಗೆ ತವರಿಗೆ ಹೋಗಿದ್ದಾಳೆ. ಉಳಿದವಳು ಮಾಳುವಿನ ಮಗಳು ಒಬ್ಬಳೇ — ತಲೆಗೆ ಎಣ್ಣೆ ಹಚ್ಚಿಕೊಂಡು ಕೈ ಒರೆಸಿಕೊಳ್ಳದವಳು. ಹೆಸರು ಬರೆದು ಮರ್ಯಾದೆ ಕಳೆಯುವುದಿಲ್ಲ.

ಹಟ್ಟಿಯ ಕಸ ಗುಡಿಸಿದೆ. ಕರಿಮೂತಿ ಕುರಿ ಗಬ್ಬ, ಈ ತಿಂಗಳ ಕೊನೆಗೆ ಈಯಬಹುದು. ಅಂಕಲಿಯ ಕಡೆ ಕಬ್ಬು ಕಡಿಯಲು ಶುರು. ಮಾಳು ಕುರಿ ಹೊಡೆದುಕೊಂಡು ಆ ಹೊಲಕ್ಕೆ ಹೋದ.

ಕೋಮಲ ನಿನ್ನೆ ಚಿಕ್ಕೋಡಿಯಿಂದ ಒಂದು ಲ್ಯಾಪ್‌ಟಾಪ್ ತಂದಿದ್ದಾಳೆ. (ಹೆಸರು ಬರೆದೇಬಿಟ್ಟೆ. ಹೋಗಲಿ.) ಆರು ತಿಂಗಳ ರಿಪೇರಿ ಕ್ಲಾಸು ಮುಗಿಸಿ, ಅಲ್ಲಿಯ ಅಕ್ಕುತಾಯಿಯ ರಿಪೇರಿ ಅಂಗಡಿಯಲ್ಲಿ ಕೆಲಸ ಕೇಳಿದ್ದಳು. ಅಕ್ಕುತಾಯಿ ಯಾರೋ ಕಾಲೇಜು ಮೇಡಂ ಕೊಟ್ಟ ಈ ಮಷೀನು ಮುಂದಿಟ್ಟು ಅಂದಳಂತೆ — “ಇದು ಕಾಯ್ದು ಕಾಯ್ದು ತಾನ ಬಂದ್ ಆಗ್ತೈತಿ. ಮನಿಗೆ ಒಯ್ಯಿ. ಬಿಚ್ಚು, ಸ್ವಚ್ಛ ಮಾಡು, ಕೂಡಿಸು. ಸೋಮವಾರ ಹತ್ತಕ್ಕ ಚಾಲೂ ಆಗಿ ಬಂದ್ರ ಈ ಕುರ್ಚಿ ನಿಂದು. ಇಲ್ಲಂದ್ರ ಚಾ ಕುಡದು ಹೋಗು.”

ಮಾತು ಹಿಡಿಸಿತು. ಹೆಂಗಸು ಅಂದರೆ ಹಾಗಿರಬೇಕು.

ಮಾಳು ಮಾತ್ರ ನಿನ್ನೆ ರಾತ್ರಿ ಊಟಕ್ಕೆ ಕೂತವನು ರಾಗ ತೆಗೆದ. “ಅದನ್ನ ಬಿಚ್ಚೂದು ಹುಡುಗ್ಯಾರ ಕೆಲಸೇನ ಯವ್ವಾ?”

“ಕುರಿ ಹೊಟ್ಟ್ಯಾಗ ಮರಿ ಅಡ್ಡಾದಾಗ ಕೈ ಹಾಕಿ ತಗದಾಕಿ ಯಾರಲೇ? ನಿಮ್ಮಪ್ಪ ಹೊರಗ ನಿಂತು ಬೀಡಿ ಸೇದತಿದ್ದ.”

ಮಾಳು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ನವೆಂಬರ್ 5, ಬುಧವಾರ

ಕೋಮಲ ಮಷೀನನ್ನು ಮಣೆಯ ಮೇಲಿಟ್ಟಳು. ನೆಟ್ಟಗೆ ಕೂರಲಿಲ್ಲ, ತೊಟ್ಟಿಲಿನ ಹಾಗೆ ತೂಗಿತು. ನಾನು ಬಾಗಿ ಪಕ್ಕದಿಂದ ನೋಡಿದೆ. ಎಡಗಡೆ ಎದ್ದಿದೆ. ಹಸಿ ಕಡಲೆ ಸೊಪ್ಪು ಮೇಯ್ದ ಕುರಿಯ ಪಕ್ಕೆ ಹೀಗೇ ಏಳುತ್ತದೆ.

“ಏ ಪೋರಿ, ಇದಕ್ಕ ಹೊಟ್ಟಿ ಉಬ್ಬೈತಿ.”

“ಆಯಿ, ಇದು ಕುರಿ ಅಲ್ಲ.”

“ಅಲ್ಲಂತ ನನಗೂ ಗೊತ್ತೈತಿ. ಕುರಿ ಆಗಿದ್ರ ಇಷ್ಟೊತ್ತಿಗೆ ನಿನ್ನ ಒದೀತಿತ್ತು.”

ನಕ್ಕಳು. ಆಮೇಲೆ ಅಡಿಪಟ್ಟಿ ತಂದು ಅಡ್ಡ ಹಿಡಿದಳು. ಪಟ್ಟಿಯ ಕೆಳಗೆ ಬೆಳಕು ಕಂಡಿತು. ನಗು ನಿಂತಿತು. “ಬ್ಯಾಟರಿ ಉಬ್ಬೈತಿ ಆಯಿ… ಅಕ್ಕುತಾಯಿನೂ ನೋಡಿಲ್ಲ ಇದನ್ನ.”

ನಾನು ನೋಡಿದೆ. ಬರೆದಿಟ್ಟಿದ್ದೇನೆ.

ನವೆಂಬರ್ 6, ಗುರುವಾರ. ಸಂಜೆ

ಮಧ್ಯಾಹ್ನ ಬಿಚ್ಚಿದಳು. ಮೊದಲು ಚಾರ್ಜರ್ ಕಿತ್ತಳು. ಬಂದ್ ಮಾಡಿ, ಗುಂಡಿಯನ್ನು ಒತ್ತಿ ಹಿಡಿದು ಮೂವತ್ತು ಎಣಿಸಿದಳು. ಹಿತ್ತಿಲಿಗೆ ಹೋಗಿ ಬೋರಿನ ಕಬ್ಬಿಣದ ಪೈಪು ಮುಟ್ಟಿ ಬಂದಳು. ಯಾಕೆ ಅಂದರೆ, ಮೈಯಲ್ಲಿ ಕರೆಂಟು ಇರುತ್ತದಂತೆ, ಅದನ್ನು ಪೈಪಿಗೆ ಬಿಟ್ಟು ಬರಬೇಕಂತೆ. ನಾನೂ ಮುಟ್ಟಿ ಬಂದೆ. ನಗಬೇಡ. ಚಳಿಗಾಲದಲ್ಲಿ ಕಂಬಳಿ ಕೊಡವಿದರೆ ಚಟಚಟ ಅನ್ನುತ್ತದಲ್ಲ, ಅದೇ ಇದು.

ಹನ್ನೊಂದು ಸ್ಕ್ರೂ. ಒಂದೊಂದೇ ತೆಗೆದು ತಾಟಿಗೆ ಹಾಕಿದಳು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಹಳೆಯ ಎಟಿಎಂ ಕಾರ್ಡು ತೂರಿಸಿ ಸುತ್ತಲೂ ಮೆಲ್ಲಗೆ ಎಬ್ಬಿಸಿದಳು — ಹೆಂಚಿನಿಂದ ರೊಟ್ಟಿ ಬಿಡಿಸಿದ ಹಾಗೆ. ಒಳಗೆ ಬ್ಯಾಟರಿ. ಚಪ್ಪಟೆ ಚೀಲದಂಥವು ಮೂರು. ಒಂದು ಪೂರ್ತಿ ಉಬ್ಬಿದೆ. ಬ್ಯಾಟರಿಯ ವೈರು ಮೊದಲು ಕಳಚಿದಳು. ಒಳಗೆ ರೇಂಜಿಲ್ಲ ಅಂತ ಅಕ್ಕುತಾಯಿಗೆ ಫೋನ್ ಮಾಡಲು ಅಂಗಳಕ್ಕೆ ಹೋದಳು.

ನನ್ನ ಕೈ ಸುಮ್ಮನಿರಲಿಲ್ಲ. ಉಬ್ಬರಕ್ಕೆ ಮದ್ದು ನನಗೆ ಗೊತ್ತು. ಪಕ್ಕೆಯಲ್ಲಿ ಜಾಗ ನೋಡಿ ದಬ್ಬಣದಿಂದ ಒಂದೇ ಚುಚ್ಚು, ಗಾಳಿ ಬುಸ್ ಅಂತ ಹೋಗುತ್ತದೆ, ಕುರಿ ಎದ್ದು ಮೇವಿಗೆ ಹೋಗುತ್ತದೆ. ಈ ಕೈಯಿಂದ ಎಷ್ಟು ಕುರಿ ಎದ್ದಿವೆಯೋ. ದಬ್ಬಣ ತಂದೆ. ಜಾಗ ನೋಡಿದೆ. ಕೈ ಎತ್ತಿದೆ.

ಪೋರಿ ಹೊಸ್ತಿಲಿಂದ ಹಾರಿ ಬಂದು ಮಣಿಕಟ್ಟು ಹಿಡಿದಳು. “ಆಯಿ! ಮನಿ ಸುಡ್ತಿಯೇನ!” ದಬ್ಬಣ ಕಿತ್ತು ಅಂಗಳಕ್ಕೆ ಎಸೆದಳು. ಆ ಗದ್ದಲಕ್ಕೆ ಮೂಲೆಯಲ್ಲಿ ಕಟ್ಟಿದ್ದ ಕುರಿಮರಿ ಹಗ್ಗ ಹರಿದುಕೊಂಡು ತಾಟಿನ ಮೇಲೇ ಹಾಯ್ದುಹೋಯಿತು. ಸ್ಕ್ರೂಗಳೆಲ್ಲ ಚೆಲ್ಲಾಪಿಲ್ಲಿ.

“ನಲವತ್ತು ವರ್ಷದ ಕೈ ಇದು,” ಅಂದೆ.

“ಕುರಿ ಮ್ಯಾಲ ಇಟ್ಕೋ ಆ ಕೈ!”

ನನಗೆ ಇಷ್ಟು ಗಟ್ಟಿಯಾಗಿ ನನ್ನ ಗಂಡನೂ ಮಾತಾಡಿರಲಿಲ್ಲ. ಸಾಕು. ಇವತ್ತು ಬರೆಯಲು ಮನಸ್ಸಿಲ್ಲ.

ನವೆಂಬರ್ 9, ಭಾನುವಾರ. ಮಧ್ಯಾಹ್ನ

ಎರಡು ದಿನ ಬರೆಯಲಿಲ್ಲ. ಮಾತೂ ಆಡಲಿಲ್ಲ.

ಶುಕ್ರವಾರ ಅವಳು ಬ್ಯಾಟರಿಯನ್ನು ಒತ್ತದೆ, ಬಗ್ಗಿಸದೆ ಮೆಲ್ಲಗೆ ಎತ್ತಿ, ಕಬ್ಬಿಣದ ಬುಟ್ಟಿಯಲ್ಲಿ ಒಣ ಮರಳು ತುಂಬಿ ಅದರಲ್ಲಿ ಹೂತಿಟ್ಟಳು. ಬುಟ್ಟಿಯನ್ನು ಅಂಗಳದಲ್ಲಿ ಇಟ್ಟಳು. ಮೇವಿನ ಬಣವೆ ಹತ್ತೇ ಹೆಜ್ಜೆ. ನಾನು ಬುಟ್ಟಿಯನ್ನು ಎಳೆದು ದೂರದ ಬಯಲಿಗೆ ಇಟ್ಟೆ. ರೋಗದ ಕುರಿಯನ್ನು ಹಿಂಡಿನಿಂದ ದೂರ ಕಟ್ಟುವುದು ನನಗೆ ಯಾರೂ ಕಲಿಸಬೇಕಿಲ್ಲ. ಹೊತ್ತು ಮುಳುಗುವವರೆಗೆ ಕೋಲು ಹಿಡಿದು ಕಾವಲು ಕೂತೆ. ನಾಯಿಯನ್ನೂ ಹತ್ತಿರ ಬಿಡಲಿಲ್ಲ.

ಶನಿವಾರ ಪೋರಿ ನಿಪ್ಪಾಣಿಗೆ ಹೋಗಿ ಹೊಸ ಬ್ಯಾಟರಿ ತಂದಳು. ಬಂದವಳೇ ನನ್ನ ಪಕ್ಕ ಕೂತು ಮೊಬೈಲು ಹಿಡಿದಳು. ಅದರಲ್ಲಿ ಯಾವನೋ ಇಂಥದೇ ಬ್ಯಾಟರಿಗೆ ಮೊಳೆ ಚುಚ್ಚುತ್ತಾನೆ. ಬುಸ್ ಅಂತು. ಗಾಳಿಯಲ್ಲ — ಬೆಂಕಿ. ಆಳೆತ್ತರ ಬೆಂಕಿ. ಆ ವಿಡಿಯೋ ನಾಲ್ಕು ಸಲ ಹಾಕಿಸಿ ನೋಡಿದೆ.  

ತಪ್ಪಾಯಿತು ಅನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ. ಎದ್ದು ಕಡಲೆಹಿಟ್ಟಿನ ಝುಣಕ ಮಾಡಿದೆ. ಅವಳಿಗೆ ಬೇಕಾದ ಹಾಗೆ ಬೆಳ್ಳುಳ್ಳಿ ಜಾಸ್ತಿ ಹಾಕಿದೆ. ಮೂರು ರೊಟ್ಟಿ ತಿಂದಳು. “ಖಾರ ಭಾಳ ಆಗೇತಿ ಆಯಿ.” ಅಂದರೆ ರಾಜಿ.

ಅದೇ ದಿನ, ಸಂಜೆ ಐದು

ಕೂಡಿಸಲು ಕೂತಳು. ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದು, ಬ್ರಷ್ಷಿನಿಂದ ಧೂಳು ತೆಗೆದಳು. ಬೆಕ್ಕಿನ ಮರಿಯಷ್ಟು ಧೂಳು. ಮೇಡಂ ಪಾಠ ಹೇಳುತ್ತಾಳೋ ಕಸ ಕೂಡಿಡುತ್ತಾಳೋ. ಹೊಸ ಬ್ಯಾಟರಿ ಕೂರಿಸಿದಳು, ಮುಚ್ಚಳ ಹಾಕಿದಳು. ಆಮೇಲೆ ಆರಿಸಿ ತಾಟಿಗೆ ತುಂಬಿದ್ದ ಸ್ಕ್ರೂ ನೋಡಿ ಅಳುಮೋರೆ.

“ಎಲ್ಲಾ ಕಲತುಹೋಗ್ಯಾವ ಆಯಿ. ಯಾವುದು ಎಲ್ಲೀದೋ. ಉದ್ದಂದು ಗಿಡ್ಡಂದರ ತೂತಿನ್ಯಾಗ ಹೊಕ್ಕರ ಒಳಗಿನ ಬೋರ್ಡಿಗೆ ಚುಚ್ಚತೈತಿ. ಎಲ್ಲಾ ಮುಗೀತು.”

“ಆಕಡೆ ಸರಿ,” ಅಂದೆ.

ಹೊಳೆ ದಂಡೆಯಲ್ಲಿ ಮೂರು ಹಿಂಡು ಕೂಡಿದಾಗ ಎಣಿಸುತ್ತ ಕೂರುತ್ತೇವೆಯೇ? ಮುಖ ನೋಡುತ್ತೇವೆ. ಹನ್ನೊಂದನ್ನೂ ಬಿಳಿ ಅರಿವೆಯ ಮೇಲೆ ಹರಡಿದೆ. ಕನ್ನಡಕ ಏರಿಸಿದೆ. “ಈ ನಾಕು ಉದ್ದನ್ನೂವು — ಪರದೆ ಮಡಚತೈತೆಲ್ಲ, ಆ ಕಡೇವು. ಈ ಐದು ನಡುವಿನೂವು. ಈ ಎರಡು ಗಿಡ್ಡ, ತಲಿ ಚಪ್ಪಟಿ — ಮುಂದ, ಕೈ ಇಡೂ ಕಡೆ.”

“ಖರೇ ಹೇಳ್ತೀಯೇನ?”

“ತಗೀಮುಂದ ನೀ ಸ್ಕ್ರೂ ನೋಡಿದಿ. ನಾ ಅದು ಎಲ್ಲಿಂದ ಬಂತಂತ ನೋಡಿದೆ.”

ಆದರೂ ನಂಬಿಕೆ ಇಲ್ಲ. ಒಂದು ಉದ್ದದ್ದನ್ನು ಮುಂದಿನ ತೂತಿಗೆ ಬೆರಳಲ್ಲೇ ಇಳಿಸಿ ನೋಡಿದಳು. ಅರ್ಧಕ್ಕೇ ನಿಂತಿತು. ತಿರುಗಿಸಿದ್ದರೆ ಬೋರ್ಡಿನ ಕಥೆ ಮುಗಿಯುತ್ತಿತ್ತು. ತೆಗೆದಳು. ನನ್ನ ಮುಖ ನೋಡಿದಳು. ಆಮೇಲೆ ನಾನು ಕೊಟ್ಟಂತೆ ಹಾಕಿದಳು. ಒಂದೂ ಉಳಿಯಲಿಲ್ಲ, ಒಂದೂ ಸಾಲದೆ ಹೋಗಲಿಲ್ಲ.

ಗುಂಡಿ ಒತ್ತಿದಳು. ಏನೂ ಇಲ್ಲ. ಆಮೇಲೆ ಒಂದು ಸಣ್ಣ ಬೆಳಕು. ಆಮೇಲೆ ಇಡೀ ಪರದೆ ಬೆಳಕು!

ಪೋರಿ ನನ್ನನ್ನು ಎತ್ತಿಕೊಂಡೇ ತಿರುಗಿದಳು. ಸೊಂಟ ಹೋಯಿತು. ಹೋದರೆ ಹೋಗಲಿ. ಮಾಳು ಬಾಗಿಲಲ್ಲಿ ನಿಂತು ಕುರಿ ಕರೆಯುವ ಸಿಳ್ಳೆ ಹೊಡೆದ. ಹಟ್ಟಿಯ ಕುರಿಯೆಲ್ಲ ಒದರಿದವು.

ನವೆಂಬರ್ 10, ಸೋಮವಾರ

ಎಂಟರ ಬಸ್ಸಿಗೆ ಹೋದಳು. ಹಳೆಯ ಬ್ಯಾಟರಿ ಮರಳಿನ ಡಬ್ಬಿಯಲ್ಲಿ. ಅದನ್ನು ಅಕ್ಕುತಾಯಿಗೇ ಕೊಡಬೇಕು, ತಿಪ್ಪೆಗೆ ಹಾಕುವ ಹಾಗಿಲ್ಲ.

ಹತ್ತಾಯಿತು. ಹನ್ನೊಂದಾಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಹನ್ನೊಂದೂವರೆಗೆ ಫೋನು. ಒಂದು ತಾಸು ಓಡಿಸಿ ನೋಡಿದರಂತೆ, ಬೆಚ್ಚಗೂ ಆಗಲಿಲ್ಲವಂತೆ. “ಆಯಿ, ಕುರ್ಚಿ ಮ್ಯಾಲ ಕುಂತು ಮಾತಾಡಾಕತ್ತೀನಿ!”

ಅಷ್ಟರಲ್ಲಿ ಅಕ್ಕುತಾಯಿ ಫೋನ್ ಕಸಿದುಕೊಂಡಳು. “ಆಯಿ, ನಮಸ್ಕಾರ್ರಿ. ಉಬ್ಬಿದ್ದು ಮೊದಲ ನೋಡಿದಾವರು ನೀವಂತಲ್ಲರಿ. ಎಷ್ಟು ಕಲತೀರಿ?”

“ನಾಕನೇ ಇಯತ್ತಾ.”

“ನನ್ನ ಡಿಪ್ಲೋಮಾ ನಿಮಗ ಕೊಡತೀನ್ರಿ, ತಗೋರಿ!”

ನಕ್ಕರು ಇಬ್ಬರೂ. ನಾನೂ ನಕ್ಕೆ. ಸಾರು ಉಪ್ಪಾಗಿತ್ತು. ಮಾಳು ನೀರು ಬೆರೆಸಿಕೊಂಡು ಉಂಡ.

ನವೆಂಬರ್ 23, ಭಾನುವಾರ

ಕೋಮಲ ಈಗ ಅಕ್ಕುತಾಯಿಯ ಮನೆಯ ಮೇಲಿನ ಕೋಣೆಯಲ್ಲಿ ಇರುತ್ತಾಳೆ. ಭಾನುವಾರ ಬರುತ್ತಾಳೆ. ಈ ವಾರ ಎಂಟು ಮಷೀನು ಬಿಚ್ಚಿದಳಂತೆ. ಸ್ಕ್ರೂ ಈಗ ತಾಟಿಗೆ ಹಾಕುವುದಿಲ್ಲ. ರಟ್ಟಿನ ಮೇಲೆ ಮಷೀನಿನ ಚಿತ್ರ ಬರೆದು, ಯಾವುದು ಎಲ್ಲಿಯದೋ ಅಲ್ಲೇ ಚುಚ್ಚಿಡುತ್ತಾಳೆ.

ಒಂದು ಮಷೀನು ಮಾತ್ರ ಯಾರಿಗೂ ಬಗೆಹರಿದಿಲ್ಲವಂತೆ. ಬಿಚ್ಚಿದರೆ ಎಲ್ಲ ಸರಿ, ಕೂಡಿಸಿದರೆ ಕಟಕಟ ಅನ್ನುತ್ತದೆ. ಹೋಗುವಾಗ ಚಪ್ಪಲಿ ಮೆಟ್ಟುತ್ತ ಅಂದಳು — “ನೀನೂ ಒಂದಿನ ಬಾ ಆಯಿ. ಅಕ್ಕುತಾಯಿ ನಿನಗೊಂದು ಕುರ್ಚಿ ಹಾಕ್ತೀನಂದಾರ.”

ಅಂದವಳೇ ನಕ್ಕಳು. ಬಸ್ಸು ಬಂತು.

ನವೆಂಬರ್ 26, ಬುಧವಾರ. ಬೆಳಿಗ್ಗೆ

ಕರಿಮೂತಿ ಈದಿತು. ಎರಡು ಮರಿ, ಎರಡೂ ಹೆಣ್ಣು. ಇನ್ನು ನನಗೆ ಹಟ್ಟಿಯಲ್ಲಿ ಅಂಥ ಕೆಲಸವೇನಿಲ್ಲ. ಹಸಿರು ಇಳಕಲ್ ಸೀರೆ ಒಗೆದು ಒಣಹಾಕಿದ್ದೇನೆ. ಸುಮ್ಮನೆ.

ಕೋಮಲ, ಇದು ನಿನಗೆ. ಆ ಕಟಕಟ ಮೂರು ದಿನದಿಂದ ನನ್ನ ಕಿವಿಯಲ್ಲಿದೆ. ಕೇಳದೆ ಹೇಳಲಾರೆ, ಕಿವಿ ಹಚ್ಚಿ ಕೇಳಬೇಕು. ಆದರೆ ನೀನು ಖರೇ ಕರೆದೆಯೋ ನಗೆಗೆ ಅಂದೆಯೋ ತಿಳಿಯಲಿಲ್ಲ. ಕರೆಯದ ಕಡೆ ಹೋಗಿ ಕುರ್ಚಿ ಹಿಡಿಯುವವಳಲ್ಲ ನಾನು.

ಭಾನುವಾರ ಬಂದಾಗ ಇದನ್ನು ಓದೇ ಓದುತ್ತೀ. ಓದು. ಇದರ ಕೆಳಗೆ ಜಾಗ ಬಿಟ್ಟಿದ್ದೇನೆ. ಯಾವ ದಿನ, ಯಾವ ಬಸ್ಸು — ಅಷ್ಟು ಬರೆ. ಡಿಸೆಂಬರ್ ಹುಟ್ಟುವುದರೊಳಗೆ ಉತ್ತರ ಬೇಕು. ಬಾಯಲ್ಲಿ ಹೇಳಿ ನಗಬೇಡ, ಇಲ್ಲೇ, ನಿನ್ನ ಕೈಯಿಂದಲೇ ಬರೆದಿಡು. ಹಸಿರು ಸೀರೆ ಮಡಚಿ ಇಟ್ಟಿರುತ್ತೇನೆ.